ಶಾಟ್ಸ್ ಡಬ್ಬ ಮಗುಚದಂತೆ ಕೂರಿಸುವುದು

ದೀಪಾವಳಿಯಲ್ಲಿ ಜನ ಆಟಂ ಬಾಂಬಿಗೆ ಹೆದರುತ್ತಾರೆ, ಒಂದೇ ಬತ್ತಿಗೆ ಒಂದರ ಹಿಂದೊಂದು ಮದ್ದಿನ ಗುಂಡುಗಳನ್ನು ಮೇಲಕ್ಕೆ ಹಾರಿಸುವ ಶಾಟ್ಸ್ ಡಬ್ಬವನ್ನು ನಂಬುತ್ತಾರೆ. ಬಾಂಬು ಒಂದು ಸಲ ಢಂ ಅಂದು ಮುಗಿಯಿತು. 30 ಶಾಟಿನ ಡಬ್ಬ ಆರನೆಯದಕ್ಕೆ ಮಗುಚಿತೋ, ಉಳಿದ 24 ಗುಂಡುಗಳು ಮಂಡಿಯ ಎತ್ತರದಲ್ಲಿ ಜನರತ್ತಲೇ ಹಾರಬಹುದು. ಬತ್ತಿ ಒಳಗಿಂದೊಳಗೇ ಓಡುತ್ತಿರುತ್ತದೆ, ನಡುವೆ ನಿಲ್ಲಿಸಲು ದಾರಿಯೇ ಇಲ್ಲ.

ಡಬ್ಬದೊಳಗೆ ಇರುವುದು ಸಾಲುಸಾಲಾಗಿ ಅಂಟಿಸಿದ ಕಾಗದದ ಕೊಳವೆಗಳು. ತಳದ ಮದ್ದು ಗುಂಡನ್ನು ಮೇಲಕ್ಕೆ ಎಸೆಯುವಾಗ ಡಬ್ಬವನ್ನು ಕೆಳಕ್ಕೆ ಒದೆಯುತ್ತದೆ. ನಡುವಿನ ಕೊಳವೆ ಒದ್ದರೆ ತೊಂದರೆಯಿಲ್ಲ. ಅಂಚಿನ ಸಾಲು ಒದ್ದಾಗ ಅಡಿಯ ಮಣ್ಣು ಆ ಬದಿಗೆ ಚೂರು ಕುಸಿಯುತ್ತದೆ, ಮುಂದಿನ ಒದೆತಕ್ಕೆ ಇನ್ನಷ್ಟು. ಜೊತೆಗೆ ಖಾಲಿಯಾಗುತ್ತಾ ಹೋದಂತೆ ಡಬ್ಬ ಹಗುರವಾಗುತ್ತದೆ, ಒದೆತದ ಜೋರು ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಮೊದಲ ಐದಾರು ಶಾಟು ನೆಟ್ಟಗೆ ಹೋಯಿತೆಂದು ನಿಶ್ಚಿಂತೆಯಾಗಿ ಹತ್ತಿರ ಬರಬಾರದು.

ಮೆದು ನೆಲ ಮೊದಲ ಶತ್ರು. ಅಕ್ಟೋಬರ್-ನವೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ಸಂಜೆ ಮಳೆ ಬಿದ್ದಿರುತ್ತದೆ. ಹುಲ್ಲಿನ ಮೇಲೋ ಹಸಿ ಮಣ್ಣಿನ ಮೇಲೋ ಇಟ್ಟರೆ ವಾಲುವುದು ಖಚಿತ, ತಳದ ರಟ್ಟೂ ನೀರು ಕುಡಿದು ಮೆತ್ತಗಾಗುತ್ತದೆ. ಹಾಗೆಂದು ಬರೀ ಕಾಂಕ್ರೀಟ್ ಸಾಕು ಅನ್ನುವಂತಿಲ್ಲ. ಜಲ್ಲಿ ಎದ್ದ ಗಟ್ಟಿ ನೆಲದಲ್ಲಿ ಡಬ್ಬ ಪ್ರತಿ ಶಾಟಿಗೂ ಕುಣಿದು ಕುಣಿದು ಜರುಗುತ್ತದೆ.

ಮಾಡಬೇಕಾದ್ದು ಇಷ್ಟು. ಎರಡಡಿ ಚದರದ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ತುಂಡು. ಬಡಗಿಯ ಅಂಗಡಿಯಲ್ಲಿ ಉಳಿದ ಚೂರಾದರೂ ನಡೆಯುತ್ತದೆ. ಅದನ್ನು ಸಮನಾದ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಯನ್ನೂ ಕಾಲಿನಿಂದ ಒತ್ತಿ ನೋಡಿ. ಅಲ್ಲಾಡಿದರೆ ಅಡಿಗೆ ಮರಳು ತುಂಬಿ. ನಡುವೆ ಡಬ್ಬ ಇಟ್ಟು, ಸುತ್ತ ನಾಲ್ಕು ಮರಳು ಚೀಲ ಒತ್ತಿ ಕೂರಿಸಿ. ಖಾಲಿ ಸಿಮೆಂಟ್ ಚೀಲಕ್ಕೆ ಕಾಲುಭಾಗ ಮರಳು ಹಾಕಿ ಬಾಯಿ ಕಟ್ಟಿದರೆ ಸುಮಾರು 12ರಿಂದ 15 ಕೆಜಿ ತೂಗುತ್ತದೆ. ಬಾಯಿ ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಡಿ, ಆಗ ಚೀಲ ಡಬ್ಬದ ಬದಿಗೆ ಮೆತ್ತಿಕೊಳ್ಳುತ್ತದೆ. ಎತ್ತರ ಡಬ್ಬದ ಮುಕ್ಕಾಲು ಭಾಗದವರೆಗೆ ಸಾಕು. ಕೊಳವೆಗಳ ಬಾಯಿಗೆ ಏನೂ ಅಡ್ಡ ಬರಬಾರದು, ಬತ್ತಿ ಇರುವ ಬದಿಯಲ್ಲಿ ಅಂಗೈಯಗಲ ಜಾಗ ಬಿಡಬೇಕು.

ಇಟ್ಟಿಗೆ ಸಾಲದೇ ಎಂದು ಕೇಳುವವರು ಬಹಳ. ಒಂಟಿ ಇಟ್ಟಿಗೆಯ ತೂಕ ಮೂರು ಕೆಜಿಯ ಆಸುಪಾಸು, ನಿಲ್ಲಿಸಿಟ್ಟರೆ ಅದೇ ಮೊದಲು ಬೀಳುತ್ತದೆ. ಕೊಳವೆಯೊಂದು ಬದಿ ಸೀಳಿ ಒಡೆದರೆ ಇಟ್ಟಿಗೆಯ ಚೂರು ಹಾರುತ್ತದೆ, ಮರಳಾದರೆ ಏಟನ್ನು ನುಂಗಿಕೊಳ್ಳುತ್ತದೆ. ಮರಳು ಸಿಗದಿದ್ದರೆ ಮಣ್ಣು ತುಂಬಿ, ಆದರೆ ಕಲ್ಲು ಹೆಕ್ಕಿ ತೆಗೆದು.

ಬೀಸಣಿಗೆಯಂತೆ ಎಡಬಲಕ್ಕೆ ಹರಡುವ ಡಬ್ಬಗಳ ಕಥೆಯೇ ಬೇರೆ. ಕೊಳವೆ ಎಡಕ್ಕೆ ವಾಲಿದ್ದರೆ ಡಬ್ಬ ಬಲಕ್ಕೆ ಒದೆಸಿಕೊಳ್ಳುತ್ತದೆ, ಬಲದ್ದಾದರೆ ಎಡಕ್ಕೆ. ಹಾಗಾಗಿ ಆ ಎರಡು ತುದಿಗಳಿಗೆ ಒಂದೊಂದರ ಬದಲು ಎರಡೆರಡು ಚೀಲ ಬೇಕು. ನೋಡುವವರ ಕಡೆ ಯಾವ ಮುಖ ಇರಬೇಕೆಂದು ಎಷ್ಟೋ ಡಬ್ಬಗಳ ಮೇಲೆ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ತಿರುಗಿಸಿ ಇಟ್ಟರೆ ಅರ್ಧ ಗುಂಡು ಜನರ ತಲೆಯ ಮೇಲೆ ಬಾಗುತ್ತವೆ.

ಡಬ್ಬವನ್ನು ಹಲಗೆಗೆ ಮೊಳೆ ಹೊಡೆದು ಕೂರಿಸುವ ಜಾಣರೂ ಇದ್ದಾರೆ. ತಳದಲ್ಲೇ ಮದ್ದು ಇರುವುದು, ಆ ಯೋಚನೆ ಬೇಡ.

ರಾಕೆಟ್ಟಿಗೆ ಬಾಟಲಿ ನಮ್ಮ ಹಳೇ ಚಾಳಿ. ಖಾಲಿ ಬಾಟಲಿಗೆ ತೂಕವಿಲ್ಲ, ತಲೆ ಭಾರದ ರಾಕೆಟ್ ಇಟ್ಟ ಕೂಡಲೇ ವಾಲುತ್ತದೆ. ಹತ್ತು ಲೀಟರ್ ಪೇಂಟ್ ಬಕೆಟ್ಟಿಗೆ ಮರಳು ತುಂಬಿದರೆ 16 ಕೆಜಿ ಆಗುತ್ತದೆ. ಅದರ ನಡುವೆ ಒಂದಿಂಚಿನ ಪಿವಿಸಿ ಪೈಪನ್ನು ನೆಟ್ಟಗೆ ಹುಗಿಯಿರಿ. ಹುಗಿಯುವ ಮೊದಲು ಕೆಳಬಾಯಿಯನ್ನು ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಮರಳು ಒಳಗೆ ಏರುತ್ತದೆ. ಪೈಪು ರಾಕೆಟ್ಟಿನ ಕಡ್ಡಿಗಿಂತ ಎರಡು ಬೆರಳು ಉದ್ದವಿರಲಿ: ಕಡ್ಡಿ ತಳ ಮುಟ್ಟದೆ ಸಲೀಸಾಗಿ ತೂಗಬೇಕು. ಕಡ್ಡಿಯನ್ನೇ ಮಣ್ಣಿಗೆ ಚುಚ್ಚಿದರೆ ರಾಕೆಟ್ ಏಳುವುದಿಲ್ಲ, ಅಲ್ಲೇ ಉರಿದು ಸಿಡಿಯುತ್ತದೆ.

ಹೂಕುಂಡಕ್ಕೆ ತಳ ಅಗಲ, ಬೀಳುವುದು ಅಪರೂಪ. ಒಂದು ತಟ್ಟೆ ಮರಳಿನಲ್ಲಿ ಅರ್ಧ ಇಂಚು ಕೂರಿಸಿದರೆ ಆಯಿತು. ಮಣ್ಣಿನ ಕುಂಡ ಒಡೆಯಬಹುದು, ಮುಖ ಬಗ್ಗಿಸಬೇಡಿ.

ರಾತ್ರಿ 8ರಿಂದ 10ರ ಎರಡೇ ಗಂಟೆ ಅವಕಾಶವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮೇಲೆ ಅವಸರ ಹೆಚ್ಚಿದೆ. ಒಂದು ಮುಗಿಯುತ್ತಲೇ ಹೊಗೆಯಾಡುವ ಹಲಗೆಯ ಮೇಲೇ ಇನ್ನೊಂದು ಇಡುತ್ತಾರೆ. ಎರಡು ಮೂರು ಹಲಗೆಗಳನ್ನು ಬೆಳಕಿರುವಾಗಲೇ ಸಜ್ಜುಮಾಡಿಟ್ಟುಕೊಂಡರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಹಚ್ಚುವವರು ಉದ್ದನೆಯ ಊದುಬತ್ತಿ ಹಿಡಿದು, ಕೈ ಚಾಚಿ, ಡಬ್ಬದ ಮೇಲೆ ಬಾಗದೆ ಬದಿಯಿಂದ ಹಚ್ಚಬೇಕು. ಕನ್ನಡಕ ಹಾಕಿಕೊಳ್ಳಬೇಕು. ಉಳಿದವರು ಗಾಳಿ ಬೀಸಿ ಬರುವ ಕಡೆ, ಕನಿಷ್ಠ 20 ಮೀಟರ್ ದೂರ. ಇಷ್ಟಾದರೂ ಮಗುಚಿತೇ? ಎತ್ತಿ ನಿಲ್ಲಿಸಲು ಓಡಬೇಡಿ, ಗೋಡೆಯ ಮರೆಗೆ ಹೋಗಿ, ಇಲ್ಲವಾದರೆ ನೆಲಕ್ಕೆ ಬೋರಲು ಮಲಗಿ. ಸದ್ದು ನಿಂತ ಮೇಲೂ ಅರ್ಧ ಗಂಟೆ ಹತ್ತಿರ ಸುಳಿಯಬೇಡಿ. ಆಮೇಲೆ ದೂರದಿಂದ ಪೈಪಿನಲ್ಲಿ ನೀರು ಬಿಟ್ಟು, ಡಬ್ಬವನ್ನು ಬಕೆಟ್ ನೀರಿನಲ್ಲಿ ರಾತ್ರಿಯೆಲ್ಲ ಮುಳುಗಿಸಿಡಿ. ಹೊರಗೆ ಒದ್ದೆಯಾಗಿ ಕಂಡ ಡಬ್ಬದ ಒಳಗಿನ ಸಾಲು ಒಣಗಿಯೇ ಇರಬಹುದು.