ಯಾವ ಮೋರಿ ಸಾರ್?

2025ರಲ್ಲಿ ಬೆಂಗಳೂರಿನ ಐದು ಪಾಲಿಕೆಗಳ ವಾರ್ಡ್ ವಿಂಗಡಣೆ ನಡೀತಿದ್ದಾಗ, ಮೊದಲು ನನ್ನ ಜೊತೆ ಕೆಲಸ ಮಾಡಿದ್ದ ಹುಡುಗ ಒಂದು ರಾತ್ರಿ ಫೋನ್ ಮಾಡಿದ. "ಅಣ್ಣಾ, ವಾರ್ಡಿನ ಗಡಿಯ ಚಕ್ಕುಬಂದಿ ಬರೀತಾ ಇದೀನಿ. ಪೂರ್ವಕ್ಕೆ ರಾಜಕಾಲುವೆ ಅಂತ ಹಾಕಿದ್ರೆ ಸಾಕಲ್ವಾ?"

ನಾನು ಕೂಗಿಬಿಟ್ಟೆ. "ಸಾಕಾಗಲ್ಲ. ಹೋಗಿ ನೋಡಿ ಬಂದು ಬರಿ." ಅವನು ಗಾಬರಿಯಾದ. ಯಾಕೆ ಹಾಗೆ ಕೂಗಿದೆ ಅಂತ ಅವನಿಗೆ ಆಮೇಲೆ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2018ರ ನಗರಸಭೆ ಚುನಾವಣೆಗೆ ವಾರ್ಡು ಹಂಚುವಾಗ ನಾನು ಒಂದು ನಗರಸಭೆಯಲ್ಲಿ ಆರ್‌ಐ, ಅಂದರೆ ಕಂದಾಯ ನಿರೀಕ್ಷಕ. ಊರಿನ ಹೆಸರು ಬೇಡ. 31 ವಾರ್ಡು, ಜನಸಂಖ್ಯೆ ಸುಮಾರು 62 ಸಾವಿರ. ಅಂದರೆ ವಾರ್ಡಿಗೆ ಹೆಚ್ಚು ಕಡಿಮೆ ಎರಡು ಸಾವಿರ ಜನ. ಲೆಕ್ಕ 2011ರ ಜನಗಣತಿಯದ್ದು. ಇಬಿ (ಗಣತಿಗೆ ಗುರುತಿಸಿದ ಬ್ಲಾಕು) ಒಡೆಯಬಾರದು, ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು, ಡಿಸಿ ಆಫೀಸಿಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಪಿಡಿಎಫ್ ಬೇಕು. ನಮ್ಮ ಹತ್ತಿರ ಇದ್ದದ್ದು ಗಣತಿದಾರರು ಕೈಯಲ್ಲಿ ಗೀಚಿದ ನಜರಿ ನಕ್ಷೆ. ಅದೂ ಜೆರಾಕ್ಸಿನ ಜೆರಾಕ್ಸು. ಗೆರೆ ರಸ್ತೆಯದ್ದಾ, ಮೋರಿಯದ್ದಾ, ಕಾಗದ ಮಡಚಿದ ಗುರುತಾ, ಕೆಲವು ಕಡೆ ಗೊತ್ತೇ ಆಗ್ತಿರಲಿಲ್ಲ. ಚಕ್ಕುಬಂದಿ ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ, ಮತದಾರರ ಪಟ್ಟಿ ಯೂನಿಕೋಡಿನಲ್ಲಿ. ಒಂದು ಬೀದಿಯ ಹೆಸರು ಹುಡುಕಿದರೆ ಒಂದರಲ್ಲಿ ಸಿಗುತ್ತೆ, ಇನ್ನೊಂದರಲ್ಲಿ ಸಿಗಲ್ಲ. ಹೀಗೆ ವಾರ್ಡು ಹಂಚಿದರೆ ತಪ್ಪಾಗುತ್ತೆ ಅಂತ ಮೀಟಿಂಗಿನಲ್ಲಿ ಹೇಳಿದವರಿಗೆ "ಟೈಮ್‌ಲೈನ್ ನೋಡ್ರೀ" ಅನ್ನೋದೇ ಉತ್ತರ.

14 ಮತ್ತು 15ನೇ ವಾರ್ಡಿನ ನಡುವಿನ ಗಡಿಗೆ ನಾನೇ "ರಾಜಕಾಲುವೆ" ಅಂತ ಬರೆದೆ. ನಕ್ಷೆಯಲ್ಲಿ ಇದ್ದದ್ದು ಒಂದೇ ಕಾಲುವೆ. ಅದರ ಪೂರ್ವಕ್ಕೆ ಖಾಲಿ ಜಮೀನು. ಕರಡನ್ನು ಕಚೇರಿಯ ಬೋರ್ಡಿಗೆ ಅಂಟಿಸಿದೆವು. ಆ ಗಡಿಯ ಬಗ್ಗೆ ಒಂದೂ ಆಕ್ಷೇಪಣೆ ಬರಲಿಲ್ಲ. ಯಾರಿಗಾದರೂ ಒಪ್ಪಿಗೆ ಇಲ್ಲದಿದ್ದರೆ ಬರೀತಿದ್ದರು ಅಂದುಕೊಂಡೆ. ತೆರಿಗೆ ಕಟ್ಟೋಕೆ ಬರೋ ಜನ ಆ ಬೋರ್ಡಿನ ಪಕ್ಕದಲ್ಲೇ ಸಾಲು ನಿಲ್ತಾರೆ. ಅದರಲ್ಲಿ ಅಂಟಿಸಿದ ಒಂಬತ್ತು ಪುಟದ ಸಣ್ಣಕ್ಷರವನ್ನು ನಿಂತು ಓದಿದ ಒಬ್ಬರನ್ನೂ ನಾನು ನೋಡಿಲ್ಲ.

2018ರ ಮೇ 12ಕ್ಕೆ ವಿಧಾನಸಭೆ ಚುನಾವಣೆ ಮುಗೀತು. ನಗರಸಭೆ ಚುನಾವಣೆಗಾಗಿ ಅದೇ ಮತದಾರರ ಪಟ್ಟಿಯ ಭಾಗಗಳನ್ನು ವಾರ್ಡುವಾರು ಒಡೆಯುವ ಕೆಲಸ ಶುರುವಾಯ್ತು. ಒಂದು ಸಂಜೆ ಆರು ಗಂಟೆ ಹೊತ್ತಿಗೆ ಆ ಕಡೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಫೋನ್ ಮಾಡಿದರು. ಅಂಗನವಾಡಿ ಟೀಚರು. ಹಿಂದೆ ಮಕ್ಕಳ ಗಲಾಟೆ ಕೇಳಿಸ್ತಿತ್ತು, ಅವರ ಮನೆಯದ್ದೇ ಇರಬೇಕು.

"ಸಾರ್, ಗಡಿ ರಾಜಕಾಲುವೆ ಅಂತ ಇದೆ. ಯಾವ ಮೋರಿ ಸಾರ್? ಇಲ್ಲಿ ಎರಡಿವೆ."

ನನ್ನ ಮುಂದೆ ಇನ್ನೂ ಒಂಬತ್ತು ವಾರ್ಡಿನ ಪಟ್ಟಿ ಬಾಕಿ ಇತ್ತು. ನಕ್ಷೆ ಎಳೆದು ನೋಡಿದೆ. "ನಕ್ಷೆಯಲ್ಲಿ ಒಂದೇ ಇದೆ ಟೀಚರ್. ನಕ್ಷೆ ಪ್ರಕಾರ ಮಾಡಿ."

"ಅದು ಈಗ ಮುಚ್ಚಿ ರಸ್ತೆ ಆಗಿದೆ ಸಾರ್..."

"ನಕ್ಷೆ ಪ್ರಕಾರ ಮಾಡಿ" ಅಂತ ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ. ಅವರು ಮತ್ತೆ ಫೋನ್ ಮಾಡಲಿಲ್ಲ. ಆ ಜಾಗ ಕಚೇರಿಯಿಂದ ಬೈಕಿನಲ್ಲಿ ಹತ್ತು ನಿಮಿಷ.

ಆಗಸ್ಟ್ 31, ನಗರಸಭೆ ಮತದಾನದ ದಿನ. ನಾನು ಆರ್‌ಒ (ಚುನಾವಣಾಧಿಕಾರಿ) ಕಚೇರಿಯ ಕಂಟ್ರೋಲ್ ರೂಮಿನಲ್ಲಿದ್ದೆ. ಏಳಕ್ಕೆ ಎಲ್ಲ ಬೂತಿನಿಂದ ಸರಿಯಾಗಿ ಶುರುವಾಯ್ತು ಅಂತ ಬಂತು. ಒಂದು ಕಡೆ ಮತಯಂತ್ರದ ಕಂಟ್ರೋಲ್ ಯುನಿಟ್ ಕೈಕೊಟ್ಟಿತ್ತು, ಬದಲಾಯಿಸಿದೆವು. ಹತ್ತೂಕಾಲಿಗೆ 14ರ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಫೋನ್. ಇಪ್ಪತ್ತು ಜನರ ಹೆಸರು ಪಟ್ಟಿಯಲ್ಲಿಲ್ಲ, ಎಲ್ಲರೂ ಒಂದೇ ಬೀದಿಯವರು, ಏಜೆಂಟರು ಕೂಗಾಡ್ತಿದ್ದಾರೆ. ಬೀದಿಯ ಹೆಸರು ಕೇಳಿದೆ. ಹೇಳಿದರು. ಹೊಟ್ಟೆಯೊಳಗೆ ತಣ್ಣಗಾಯ್ತು.

ಹೋಗಿ ನೋಡಿದಾಗ ಮೊದಲು ಕಂಡಿದ್ದು ಮೋರಿ. ಹೊಸದು, ಎರಡೂ ಕಡೆ ಕಾಂಕ್ರೀಟ್ ಗೋಡೆ, ಆಳವಾಗಿ, ಕಪ್ಪು ನೀರು. ಅದನ್ನು ದಾಟಲು ಅಲ್ಲಿ ದಾರಿ ಇಲ್ಲ, ಸೇತುವೆ ಸಿಗೋಕೆ ಕೆಳಗಿನ ಸರ್ಕಲ್ಲಿನವರೆಗೆ ನಡೀಬೇಕು. ಅದರ ಈಚೆಗೆ ಒಂದು ಸಾಲು ಮನೆ, 38. ಮನೆಗಳ ಮುಂದಿನ ರಸ್ತೆಯಲ್ಲಿ ಉದ್ದಕ್ಕೂ ಕಲ್ಲುಚಪ್ಪಡಿ, ನಡುನಡುವೆ ಕಬ್ಬಿಣದ ಕೊಕ್ಕೆ. ಆ ಚಪ್ಪಡಿಯ ಕೆಳಗೆ ನನ್ನ ನಕ್ಷೆಯ ರಾಜಕಾಲುವೆ. ಲೇಔಟ್ ಮಾಡುವಾಗ ಹಳೆಯದನ್ನು ಮುಚ್ಚಿ, ಪೂರ್ವಕ್ಕೆ ಸರಿಸಿ ಹೊಸದು ತೋಡಿದ್ದಾರೆ. ನಕ್ಷೆ ಪ್ರಕಾರ ಈ ಮನೆಗಳು 15ನೇ ವಾರ್ಡು. ಕಣ್ಣಿಗೆ ಕಾಣೋ ಪ್ರಕಾರ 14. ಅವರ ಅಂಗಡಿ, ನಲ್ಲಿ, ರೇಷನ್, ಮಕ್ಕಳ ಶಾಲೆ ಎಲ್ಲ 14ರ ಕಡೆಗೇ.

ಬೂತಿನ ಗೇಟಿನಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಎಪಿಕ್ ಕಾರ್ಡು (ಮತದಾರರ ಗುರುತಿನ ಚೀಟಿ), ಪ್ಲಾಸ್ಟಿಕ್ ಕವರಿನೊಳಗೆ. "ಮೊನ್ನೆ ಮೇ ತಿಂಗಳಲ್ಲಿ ಇದೇ ಶಾಲೇಲಿ ಹಾಕಿದೀನಪ್ಪ. ಮೂರು ತಿಂಗಳಲ್ಲಿ ನಾನೇನು ಸತ್ತೋದ್ನಾ?"

ಹೆಸರು ಇದೆ ಅಜ್ಜಿ, 15ರ ಬೂತಿನಲ್ಲಿದೆ ಅಂದೆ. ಆ ಬೂತು ಮೋರಿಯ ಆಚೆ. ನಡೆದರೆ ಒಂದು ಕಿಲೋಮೀಟರ್. ಪಕ್ಷವೊಂದರ ಹುಡುಗ ತಕ್ಷಣ ಆಟೋ ತಂದು ನಿಲ್ಲಿಸಿದ. ಅದನ್ನು ನಾನೇ ತಡೆಯಬೇಕಾಯ್ತು, ಅಭ್ಯರ್ಥಿ ಕಡೆಯವರು ವಾಹನದಲ್ಲಿ ಮತದಾರರನ್ನು ಸಾಗಿಸೋ ಹಾಗಿಲ್ಲ. ನನ್ನ ತಪ್ಪಿನಿಂದ ಅಲ್ಲಿ ನಿಂತಿದ್ದ ಅಜ್ಜಿಯನ್ನು ಆಟೋದಿಂದ ಇಳಿಸಿದವನೂ ನಾನೇ. ಆ ಎರಡು ನಿಮಿಷ ನೆನಪಾದರೆ ಇವತ್ತಿಗೂ ನಿದ್ದೆ ಬರಲ್ಲ.

ಆವತ್ತೇ ಪಟ್ಟಿಗೆ ಹೆಸರು ಸೇರಿಸೋಕೆ ಯಾರಿಗೂ ಅಧಿಕಾರ ಇಲ್ಲ. ಆರ್‌ಒಗೆ ಹೇಳಿದೆ. "ನಿಯಮದ ಪ್ರಕಾರ ಪಟ್ಟಿ ಸರಿ ಇದೆ ಅಲ್ವಾ? 15ಕ್ಕೆ ಕಳಿಸಿ" ಅಂದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಭಾಗದ ನಂಬರು, ಕ್ರಮಸಂಖ್ಯೆ ಚೀಟಿಯಲ್ಲಿ ಬರೆದು ಕೊಟ್ಟೆ. ಕೆಲವರು ಹೋದರು. ಹೋದವರು ಅಲ್ಲಿ ಮಷಿನ್ನಿನ ಮೇಲೆ ಪರಿಚಯವಿಲ್ಲದ ಹೆಸರುಗಳನ್ನು ನೋಡಿ ನಿಂತರಂತೆ. ಅವರ ಬೀದಿಗೆ ಓಟು ಕೇಳಲು ಬಂದವರೆಲ್ಲ 14ರ ಅಭ್ಯರ್ಥಿಗಳು. ಇನ್ನು ಕೆಲವರು ಚೀಟಿ ಜೇಬಿಗಿಟ್ಟು ಮನೆಗೆ ಹೋದರು. ಆ ಸಾಲುಮನೆಗಳಲ್ಲಿ 112 ಮತದಾರರು. ಎಷ್ಟು ಜನ ವಾಪಸ್ ಹೋದರು ಅಂತ ಬರೆಯಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಐದಕ್ಕೆ ಸಾಲಿನ ಕೊನೆಯಿಂದ ಟೋಕನ್ ಕೊಟ್ಟೆವು, ರಾತ್ರಿ ಮತಯಂತ್ರ ವಾಪಸ್ ಒಪ್ಪಿಸೋ ಡಿಮಸ್ಟರಿಂಗ್ ಮುಗೀತು, ವರದಿಯಲ್ಲಿ "ಶಾಂತಿಯುತ" ಅಂತ ಬರೆದೆವು.

ಸೆಪ್ಟೆಂಬರ್ 3ಕ್ಕೆ ಎಣಿಕೆ. 14ರಲ್ಲಿ ಅಂತರ 23 ಓಟು. ಸೋತವರು ಗಾರ್ಮೆಂಟ್ಸಿಗೆ ಹೋಗೋ ಒಬ್ಬ ಹೆಂಗಸು, ಪಕ್ಷೇತರರು. ಆ 38 ಮನೆಗೂ ಹೋಗಿ ಮೋರಿ ಕ್ಲೀನ್ ಮಾಡಿಸ್ತೀನಿ ಅಂತ ಹೇಳಿ ಬಂದಿದ್ದವರು. ಆ ಓಟು ಅವರಿಗೇ ಬೀಳ್ತಿತ್ತು ಅಂತ ನಾನು ಹೇಳಲ್ಲ. ಬೀಳಬಹುದಿತ್ತು, ಅಷ್ಟೇ.

ನನಗೆ ಜಾಸ್ತಿ ಚುಚ್ಚೋದು ಬೇರೆ. 2011ರಲ್ಲಿ ಅಲ್ಲಿ ಮನೆಯೇ ಇರಲಿಲ್ಲ. ಗಣತಿ ಲೆಕ್ಕದಲ್ಲಿ ಆ ಜಾಗದ ಜನಸಂಖ್ಯೆ ಸೊನ್ನೆ. ಗಡಿಯನ್ನು ಹೊಸ ಮೋರಿಗೆ ಸರಿಸಿ, ಅದನ್ನೇ ಬಿಡಿಸಿ ಬರೆದಿದ್ದರೆ ಎರಡೂ ವಾರ್ಡಿನ ಸಂಖ್ಯೆಯಲ್ಲಿ ಒಬ್ಬರ ವ್ಯತ್ಯಾಸವೂ ಬರ್ತಿರಲಿಲ್ಲ. ಕರಡಿಗೆ ಮೊದಲು ಒಂದು ಸಲ ಹೋಗಿ ನೋಡಿದ್ದರೆ ಅಷ್ಟೇ ಸಾಕಿತ್ತು. ಬೆಂಗಳೂರಿನಲ್ಲಿ 198 ವಾರ್ಡು 243 ಆಯ್ತು, 225 ಆಯ್ತು, ಈಗ ಐದು ಪಾಲಿಕೆ ಸೇರಿ 369. ಪ್ರತಿ ಸಲವೂ ಅದೇ 2011ರ ಲೆಕ್ಕ. 2021ರ ಗಣತಿ ನಡೆಯಲೇ ಇಲ್ಲ. ಹದಿನಾಲ್ಕು ವರ್ಷದಲ್ಲಿ ಎಷ್ಟು ಮೋರಿ ಸರಿದಿವೆ, ಎಷ್ಟು ಕೆರೆ ಅಂಗಳದಲ್ಲಿ ಮನೆ ಎದ್ದಿವೆ? ಐದಾಗುವ ಮೊದಲಿದ್ದ ಒಂದೇ ಪಾಲಿಕೆಯ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಅಲ್ಲಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗೀತು. ಗೆರೆ ಎಳೆಯೋಕೆ ಇಷ್ಟು ವರ್ಷ ತಗೊಂಡ ಮೇಲೆ, ನಡೆದು ನೋಡೋಕೆ ಎರಡು ವಾರ ಕೊಡೋದು ದೊಡ್ಡ ಮಾತಾ?

ನಮ್ಮೂರಿನಲ್ಲಿ ಗೆದ್ದವರಿಗೂ ಅಧಿಕಾರ ಬೇಗ ಸಿಗಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, 2020ರ ಕೊನೆಯವರೆಗೆ ಆಡಳಿತ ಮಂಡಳಿಯೇ ಕೂರಲಿಲ್ಲ. ಅಷ್ಟರಲ್ಲಿ ಒಂದು ಮಳೆಗಾಲಕ್ಕೆ ಚಪ್ಪಡಿ ಕೆಳಗಿನ ಹಳೇ ಮೋರಿ ಕಟ್ಟಿಕೊಂಡು ಆ ಮನೆಗಳಿಗೆ ನೀರು ನುಗ್ಗಿತು. 14ರ ಸದಸ್ಯರು ಪಟ್ಟಿ ತೋರಿಸಿ ನನ್ನ ವಾರ್ಡಲ್ಲ ಅಂದರು. 15ರವರು ಮೋರಿ ತೋರಿಸಿ ನನ್ನ ಕಡೆ ಅಲ್ಲ ಅಂದರು. ಆ ಬೀದಿಯವರನ್ನು ಕಚೇರಿಗೆ ಕರೆದುಕೊಂಡು ಬಂದವರು ಸೋತ ಆ ಹೆಂಗಸೇ. ಜಗಳ ಆಡಲಿಲ್ಲ. "ಯಾವ ವಾರ್ಡು ಅಂತ ಒಂದು ಕಾಗದ ಬರೆದು ಕೊಡಿ ಸಾರ್. ಕೇಳೋದು ಯಾರನ್ನ ಅಂತಾದ್ರೂ ಗೊತ್ತಾಗಲಿ."

ಪೌರಾಯುಕ್ತರ ಸಹಿ ಮಾಡಿಸೋಕೆ ಐದು ವಾರ ಹಿಡೀತು. ಅಷ್ಟರೊಳಗೆ ಆ ಟೀಚರ್ ಜೊತೆ ಉಳಿದ ಗಡಿಗಳನ್ನೆಲ್ಲ ಭಾನುವಾರ ಭಾನುವಾರ ನಡೆದೆ. ಇನ್ನೂ ಮೂರು ಕಡೆ ಇಂಥದ್ದೇ ಸಿಕ್ಕಿತು. ವರ್ಗಾವಣೆಯಾಗಿ ಬರುವಾಗ ಚಾರ್ಜ್ ಒಪ್ಪಿಸೋ ಪಟ್ಟಿಗೆ ಆ ನಾಲ್ಕೂ ಜಾಗದ ಮನೆ ನಂಬರುಗಳನ್ನು, ಎಲ್ಲಿ ಚಪ್ಪಡಿ, ಎಲ್ಲಿ ತೆರೆದ ಮೋರಿ ಅನ್ನೋದನ್ನು ಬೇರೆ ಹಾಳೆಯಲ್ಲಿ ಬರೆದು ಸೇರಿಸಿದೆ. ನಂತರ ಬಂದವರ ಕೈಯಲ್ಲಿ ಆ ಹಾಳೆಗೇ ಇನ್ನೊಂದು ಸಹಿ ಹಾಕಿಸಿಕೊಂಡು ಹೊರಟೆ.