ಒಂಟಿ ಲೈಟಿನಲ್ಲಿ ಆಬರ್ನ್‌ನಿಂದ ವಾಪಸ್

ನನ್ನ ಹೆಂಡತಿಯ ತಮ್ಮನಿಗೆ ಮೂವತ್ತೆರಡು ವರ್ಷ. ಅವನ ಕಾರಿಗೂ ಹೆಚ್ಚುಕಮ್ಮಿ ಅಷ್ಟೇ. ಜಪಾನಿನದು, ಕೆಂಪು ಬಣ್ಣ, ಎರಡೇ ಸೀಟು. ಕಂಪನಿ ಹೆಸರು ಹೇಳುವುದಿಲ್ಲ. ಇಷ್ಟು ವಯಸ್ಸಾದ ಮೇಲೆ ಏನೋ ಒಂದು ಕೈಕೊಟ್ಟಿತು ಅಂತ ದೂರುವುದು ಸರಿಯಲ್ಲ. ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ತಗೊಂಡ. "ಅದೇ ದುಡ್ಡಿಗೆ ಐದು ಜನ ಕೂರೋ ಕಾರು ಬರ್ತಿತ್ತಲ್ಲೋ" ಎಂದು ಅವನ ಅಕ್ಕ ಇವತ್ತಿಗೂ ಗೊಣಗುತ್ತಾಳೆ. ಅವನು ಉತ್ತರ ಕೊಡುವುದಿಲ್ಲ. ಸುಮ್ನೆ ಹೋಗಿ ಲೈಟಿನ ಗುಂಡಿ ಒತ್ತುತ್ತಾನೆ. ಕಾರಿನ ಮೂತಿಯೊಳಗೆ ಅಡಗಿದ್ದ ಹೆಡ್‌ಲೈಟುಗಳನ್ನು ಹೊತ್ತು ಎರಡು ಮುಚ್ಚಳ ಝುಂಯ್ ಅಂತ ಎದ್ದು ನಿಲ್ಲುತ್ತವೆ, ಕೆರೆಯಿಂದ ತಲೆ ಎತ್ತಿದ ಕಪ್ಪೆಯ ಹಾಗೆ. ಇನ್ನೊಮ್ಮೆ ಒತ್ತಿದರೆ ಮಲಗುತ್ತವೆ. ಗೊಣಗುತ್ತಿದ್ದವಳಿಗೂ ನಗು ಬರುತ್ತದೆ.

ನನಗೆ ಈ ಲೈಟುಗಳ ಪರಿಚಯ ಆದದ್ದು ಟ್ರಂಪ್ ಕಾರ್ಡಿನಲ್ಲಿ. ಆಗ ತಿಪಟೂರಿನಲ್ಲಿ ನಾಲ್ಕನೇ ಕ್ಲಾಸು. ಲ್ಯಾಂಬೋರ್ಗಿನಿ ಕೌಂಟಾಕ್, ಫೆರಾರಿ ಟೆಸ್ಟರೋಸ್ಸಾ ಕಾರ್ಡು ಸಿಕ್ಕವನು ಅವತ್ತಿನ ರಾಜ. ಆದರೆ ಚಿತ್ರ ಎಷ್ಟು ನೋಡಿದರೂ ಮುಂದೆ ಲೈಟೇ ಕಾಣುತ್ತಿರಲಿಲ್ಲ. "ಹಂಗಾದ್ರೆ ರಾತ್ರಿ ಹೆಂಗೋ ಹೋಗ್ತಾರೆ?" ಎಂದು ಕೇಳಿದ್ದೆ. "ಅಷ್ಟು ದುಡ್ಡಿರೋರು ರಾತ್ರಿ ಯಾಕೋ ಓಡಾಡ್ತಾರೆ, ಮಲಗ್ತಾರೆ" ಎಂದ ಪಕ್ಕದ ಮನೆಯವನು. ನಮಗೆ ಗೊತ್ತಿದ್ದ ಲೈಟೆಂದರೆ ಅಂಬಾಸಿಡರ್‌ನದು, ಲಾರಿಯದು. ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಗಾಜಿನ ಮಧ್ಯೆ ದುಂಡಗೆ ಕಪ್ಪು ಬಣ್ಣ ಬಳಿದಿರುತ್ತಿದ್ದರು. ದೃಷ್ಟಿಬೊಟ್ಟು ಇಟ್ಟ ಹಾಗೆ.

ಹೋದ ನವೆಂಬರಿನ ಒಂದು ಶನಿವಾರ ಅವನು ಫೋನ್ ಮಾಡಿದ. "ಭಾವ, ಆಬರ್ನ್‌ಗೆ ಹೋಗೋಣ ಬನ್ನಿ. ಈ ಲೈಟಿನ ಮೂಲಪುರುಷನ್ನ ತೋರಿಸ್ತೀನಿ." ಇಂಡಿಯಾನದ ಆಬರ್ನ್ ಚಿಕ್ಕ ಊರು, ನಮ್ಮಿಂದ ಸುಮಾರು ಎರಡು ಗಂಟೆ ದಾರಿ. ಮೊದಲು ಅಲ್ಲಿ ಆಬರ್ನ್ ಕಾರು ಕಂಪನಿಯ ಮುಖ್ಯ ಕಚೇರಿ ಇತ್ತು. ಅದೇ ಕಟ್ಟಡವೇ ಈಗ ಮ್ಯೂಸಿಯಂ. ನೆಲ, ದೀಪ, ಮೆಟ್ಟಿಲು ಎಲ್ಲವೂ 1930ರ ಠೀವಿಯಲ್ಲೇ ಇವೆ.

ಕೋರ್ಡ್ 810ರ ಮುಂದೆ ಅವನು ಅರ್ಧ ಗಂಟೆ ನಿಂತ. 1935ರ ನವೆಂಬರಿನಲ್ಲಿ ನ್ಯೂಯಾರ್ಕ್ ಪ್ರದರ್ಶನಕ್ಕೆ ಬಂದ ಕಾರು. ಗಾರ್ಡನ್ ಬ್ಯೂರಿಗ್ ಎಂಬವರ ವಿನ್ಯಾಸ. ಆ ಕಾಲದ ಹೆಚ್ಚಿನ ಕಾರುಗಳಿಗೆ ಲೈಟು ಎರಡು ಚೊಂಬು ಕಟ್ಟಿದ ಹಾಗೆ ಹೊರಗೇ ಇರುತ್ತಿತ್ತು. ಇದಕ್ಕೆ ಮಾತ್ರ ಮಡ್‌ಗಾರ್ಡಿನ ಒಳಗೆ. ಕಂಪನಿ ಮಾಲೀಕ ಇ. ಎಲ್. ಕೋರ್ಡ್ ಅವರ ಕೈಯಲ್ಲೇ ಸ್ಟಿನ್ಸನ್ ವಿಮಾನ ಕಂಪನಿಯೂ ಇತ್ತು. ಅದರ ಲ್ಯಾಂಡಿಂಗ್ ಲೈಟನ್ನೇ ತಂದು ಇದಕ್ಕೆ ಕೂರಿಸಿದರು. ಮೇಲೆತ್ತಲು ಮೋಟಾರ್ ಇಲ್ಲ. ಡ್ಯಾಶ್‌ಬೋರ್ಡಿನ ಎರಡು ತುದಿಗೂ ಒಂದೊಂದು ಪುಟ್ಟ ಹಿಡಿ, ಬಾವಿಯ ರಾಟೆ ತಿರುಗಿಸಿದ ಹಾಗೆ ಕೈಯಲ್ಲೇ ತಿರುಗಿಸಬೇಕು. ಎಡಗಡೆಯದು ಡ್ರೈವರಿಗೆ. ಬಲಗಡೆಯದು ಪಕ್ಕದಲ್ಲಿ ಕೂತವರ ಪಾಲಿಗೆ. ಒಬ್ಬನೇ ಹೋಗುವವನು ಕತ್ತಲಾದರೆ ಸೀಟಿನ ಮೇಲೆ ಅಡ್ಡ ಬಿದ್ದು ತಿರುಗಿಸಬೇಕು, ಅಲ್ವಾ? "ಅದಕ್ಕೇ ನಿಮ್ಮನ್ನ ಕರ್ಕೊಂಡು ಬಂದಿದ್ದು ಭಾವ" ಎಂದು ನಕ್ಕ.

ಒಳಗೆ ಮೂರು ಗಂಟೆ ಕಳೆದೆವು. ಹೊರಗೆ ಮಳೆ ಬಿದ್ದು ಅಲ್ಲೇ ಮಂಜುಗಡ್ಡೆ ಆಗಿತ್ತು. ಕಾರಿಗೆ ಗಾಜಿನ ಹೊದಿಕೆ ಹೊದಿಸಿದಂತಿತ್ತು. ಸಂಜೆ ಐದೂವರೆಗೇ ಕತ್ತಲು. ಅವನು ಗುಂಡಿ ಒತ್ತಿದ. ಬಲಗಣ್ಣು ಗಡ್ಡೆ ಒಡೆದುಕೊಂಡು ಮೇಲೆ ಬಂತು. ಎಡಗಡೆ ಮೋಟಾರ್ ಒಂದು ಕ್ಷಣ ನರಳಿ ಸುಮ್ಮನಾಯಿತು.

ನನಗೆ ಎದೆ ಧಸಕ್ಕೆಂದಿತು. ಒಂಟಿ ಲೈಟಿನ ಭಯ ನಮ್ಮಪ್ಪ ಕೊಟ್ಟದ್ದು. ರಾತ್ರಿ ಅರಸೀಕೆರೆ ರಸ್ತೆಯಲ್ಲಿ ಎದುರಿಗೆ ಒಂದೇ ಲೈಟ್ ಕಂಡರೆ ಸ್ಕೂಟರ್ ಪೂರ್ತಿ ಎಡಕ್ಕೆ ಇಳಿಸುತ್ತಿದ್ದರು. "ಬೈಕ್ ಅನ್ಕೊಂಡು ಹೋದ್ರೆ ಲಾರಿ ಆಗಿರ್ತದೆ" ಎನ್ನುತ್ತಿದ್ದರು. ಈಗ ಆ ಲಾರಿ ನಾವೇ ಆಗುವ ಹಾಗಿತ್ತು.

"ಭಾವ, ನೀವು ಟಾರ್ಚ್ ಹಿಡೀರಿ ಸಾಕು" ಎಂದು ಅವನು ಇಳಿದ. ಮೊದಲು ಮುಚ್ಚಳದ ಸುತ್ತ ಕಟ್ಟಿದ ಗಡ್ಡೆಯನ್ನು ದಿನಸಿ ಅಂಗಡಿಯ ಪ್ಲಾಸ್ಟಿಕ್ ಕಾರ್ಡಿನಲ್ಲಿ ಕೆರೆದ. ಫ್ಲಾಸ್ಕಿನಲ್ಲಿ ಅಕ್ಕ ಕಳಿಸಿದ್ದ ಫಿಲ್ಟರ್ ಕಾಫಿ ಇತ್ತು. ಸುರಿದರೆ ಕರಗುತ್ತೇನೋ ಎಂದೆ. ಗಾಜು ಸೀಳುತ್ತದೆ ಎಂದ. ಕಾಫಿಯೂ ದಂಡ. ಆಮೇಲೆ ಒಂದು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. "ಇದು ಇದ್ದಾಗ ಕೈ ಹಾಕಿದ್ರೆ ಮೋಟಾರ್ ತಟ್ಟನೆ ತಿರುಗಿ ಬೆರಳು ಹೋಗತ್ತೆ." ಬಾನೆಟ್ ಒಳಗೆ, ಮೋಟಾರಿನ ತಲೆಯ ಮೇಲೆ ಕಪ್ಪು ರಬ್ಬರ್ ಟೋಪಿ. ಅದನ್ನು ತೆಗೆದರೆ ಪುಟ್ಟ ತಿರುಪು. ಚಳಿಗೆ ಬೆರಳು ಮರಗಟ್ಟಿತ್ತು. ಹತ್ತು ಸುತ್ತು ತಿರುಗಿಸಿದರೆ ಮುಚ್ಚಳ ಒಂದು ನೂಲಿನಷ್ಟು ಏಳುತ್ತಿತ್ತು. ಅವನ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವನು. ಗೋಡೆಯ ಆಚೆ ಕೋರ್ಡ್ ತನ್ನ ಎರಡು ಹಿಡಿ ಇಟ್ಟುಕೊಂಡು ಬೆಚ್ಚಗೆ ನಿಂತಿತ್ತು. ತೊಂಬತ್ತು ವರ್ಷ ಕಳೆದ ಮೇಲೂ ನಾವು ಅದೇ ಕೆಲಸ ಮಾಡುತ್ತಿದ್ದೆವು, ಅದೂ ಮಂಜಿನಲ್ಲಿ ನಿಂತು.

ಕೊನೆಗೆ ಎಡಗಣ್ಣೂ ತೆರೆಯಿತು. ಬಲಗಣ್ಣಿಗಿಂತ ಒಂದು ಚೂರು ಕೆಳಗೆ.

ಹೈವೇಯಲ್ಲಿ ಅರವತ್ತು ದಾಟದೆ ಬಂದೆವು. ಇಂಥದ್ದು ಈಗ ಯಾಕೆ ಮಾಡುವುದಿಲ್ಲ ಎಂದು ಕೇಳಿದೆ. ಈ ಪ್ರಶ್ನೆಗೇ ಅವನು ಕಾಯುತ್ತಿದ್ದ ಅಂತ ಕಾಣುತ್ತದೆ. ಅಮೆರಿಕದಲ್ಲಿ 1940ರಿಂದ ಹೆಡ್‌ಲೈಟೆಂದರೆ ಒಂದೇ ಅಳತೆಯ ದುಂಡು ಲೈಟು ಅಂತ ಕಾನೂನು. ಆಮೇಲೆ ಚೌಕದ್ದೂ ಬಂತು, ಆದರೆ ಕಂಪನಿಗಳಿಗೆ ಬೇಕಾದ ಆಕಾರ ಕೊಡುವ ಹಾಗಿರಲಿಲ್ಲ. ನೆಲದಿಂದ ಇಷ್ಟು ಎತ್ತರ ಇರಲೇಬೇಕು ಅಂತ ಇನ್ನೊಂದು ನಿಯಮ. ಕಾರಿನ ಮೂತಿಯೋ ಗಾಳಿ ಸೀಳಬೇಕು, ತಗ್ಗಾಗಿರಬೇಕು. ಹಾಗಾಗಿ ಹಗಲು ಮಲಗಿಸಿ, ರಾತ್ರಿ ಎಬ್ಬಿಸುವ ಉಪಾಯ. 1983ರಲ್ಲಿ ಆಕಾರದ ನಿಯಮ ಸಡಿಲವಾಯಿತು. ಮರುವರ್ಷದ ಮಾಡೆಲ್ ಆಗಿಯೇ ಮೈಗೆ ಹೊಂದಿಕೊಂಡ ಲೈಟಿನ ಲಿಂಕನ್ ಮಾರ್ಕ್ 7 ಬಂತು. ಅಲ್ಲಿಗೆ ಉಪಾಯದ ಅಗತ್ಯವೇ ಮುಗಿಯಿತು. ಮೋಟಾರಿನ ತೂಕ, ಖರ್ಚು ಬೇರೆ. ಯುರೋಪಿನಲ್ಲಿ ಕಾರು ಬಡಿದರೆ ನಡೆಯುವವರಿಗೆ ಪೆಟ್ಟು ಕಮ್ಮಿ ಆಗಬೇಕು ಅಂತ ಬಂದ ನಿಯಮಗಳಿಗೆ ಈ ಎದ್ದು ನಿಂತ ಮೂಲೆಗಳು ಹೊಂದಲಿಲ್ಲ. ನಿಷೇಧ ಆಯ್ತು ಅಂತ ತುಂಬಾ ಜನ ಹೇಳುತ್ತಾರಂತೆ. ಹಾಗೇನಿಲ್ಲ, ಯಾರಿಗೂ ಬೇಡವಾಯಿತು ಅಷ್ಟೇ. ಕೊನೆಯವು 2004ರಲ್ಲಿ ನಿಂತವು. ಲೋಟಸ್ ಎಸ್ಪ್ರಿ ಒಂದು, ನಮ್ಮ ಡೆಟ್ರಾಯಿಟ್ ಕಡೆಯ ಕಾರ್ವೆಟ್ ಇನ್ನೊಂದು. 1963ರಿಂದ ಕಣ್ಣು ಮುಚ್ಚಿಕೊಂಡೇ ಬಂದಿದ್ದ ಕಾರ್ವೆಟ್ 2005ರ ಮಾಡೆಲ್‌ನಲ್ಲಿ ಕಣ್ಣು ಬಿಟ್ಟುಕೊಂಡೇ ಬಂತು.

ಹಗಲಲ್ಲೂ ಲೈಟ್ ಉರಿಯಬೇಕು ಎನ್ನುವ ಕಾಲ ಇದು. ಊರಲ್ಲಿ 2017ರಿಂದ ಹೊಸ ಬೈಕುಗಳ ಲೈಟ್ ಆರಿಸುವುದಕ್ಕೇ ಬರುವುದಿಲ್ಲವಲ್ಲ. ಮಲಗದ ಲೈಟಿಗೆ ಮುಚ್ಚಳ ಯಾಕೆ?

ಅವನ ಮಾತೆಲ್ಲ ಸರಿ. ಆದರೆ ಕೋಲ್ಡ್‌ವಾಟರ್ ಹತ್ತಿರ ಪೆಟ್ರೋಲ್ ಹಾಕಿಸುವಾಗ, ಪಕ್ಕದ ದೊಡ್ಡ ಗಾಡಿಯಲ್ಲಿದ್ದ ಒಂದು ಮಗು ಗಾಜಿಗೆ ಮೂಗು ಒತ್ತಿ ನಮ್ಮ ಮೆಳ್ಳಗಣ್ಣಿನ ಕಾರನ್ನೇ ನೋಡುತ್ತಿತ್ತು. ಅವರ ಗಾಡಿಯ ಎಲ್‌ಇಡಿ ಪಟ್ಟಿ ನಮ್ಮದರ ಹತ್ತರಷ್ಟು ಬೆಳಕು ಚೆಲ್ಲುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ.

ಮನೆ ಮುಟ್ಟಿದಾಗ ಒಂಬತ್ತು ಗಂಟೆ. ಫ್ಯೂಸ್ ಇನ್ನೂ ಅವನ ಜೇಬಿನಲ್ಲೇ ಇತ್ತು. ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಲೈಟ್ ಆಫ್ ಮಾಡಿಲ್ವೇನೋ?"

"ಆಫ್ ಆಗಿದೆ ಕಣಕ್ಕ. ಮುಚ್ಚಿಲ್ಲ ಅಷ್ಟೇ."