ಕಾರಲ್ಲಿ ಜರ್ಮನಿಯ ಕೋಟೆಗಳು: ದಿನಕ್ಕೆ ಎರಡೇ ಸಾಕು

12 ಫೆಬ್ರವರಿ 2026, ಗುರುವಾರ

ಮೇ ತಿಂಗಳ ಪ್ರವಾಸಕ್ಕೆ ಕೋಟೆಗಳ ಪಟ್ಟಿ ಇವತ್ತು ಅಖೈರಾಯಿತು. ನೊಯ್‌ಶ್ವಾನ್‌ಸ್ಟೈನ್ ಅದರಲ್ಲಿಲ್ಲ. 1869ರಲ್ಲಿ ಕಟ್ಟಲು ಶುರುವಾದ ಆ ಅರಮನೆ ಯುದ್ಧ ಕಂಡದ್ದಲ್ಲ, ರಾಜನೊಬ್ಬನ ಕನಸು. ಅದಿರುವುದು ಆಲ್ಪ್ಸ್ ತಪ್ಪಲಲ್ಲಿ; ರೈನ್ ಕಣಿವೆಯಿಂದ ಹೋಗಿಬರಲು ಎರಡು ದಿನ ಹಿಡಿಯುತ್ತದೆ. ಮ್ಯೂನಿಕ್‌ನಲ್ಲಿ ತಂಗುವವರು ನೋಡಲಿ. ಆದರೆ ಟಿಕೆಟ್‌ನಲ್ಲಿರುವ ಹೊತ್ತು ಮೀರಿದರೆ ಒಳಗೆ ಬಿಡುವುದಿಲ್ಲ, ಟಿಕೆಟ್ ಕೇಂದ್ರದಿಂದ ಮೇಲಕ್ಕೆ ಅರ್ಧ ಗಂಟೆಗೂ ಮೀರಿದ ಏರುದಾರಿ ಇದೆ ಎಂಬುದು ನೆನಪಿರಬೇಕು.

ನಮ್ಮ ಆಯ್ಕೆ ರೈನ್, ಮೋಸೆಲ್ ನದಿಗಳು ಸೇರುವ ಕೊಬ್ಲೆಂಝ್ ಊರಿನ ಸುತ್ತಲಿನದು. ಮೊದಲನೆಯದು ಎಲ್ಟ್ಸ್. ಯಾರೂ ಕೆಡವದೆ ಉಳಿದ ಕೋಟೆ. ಎಂಟು ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿದೆ. ಯೂರೋಗೆ ಮುಂಚಿನ ಜರ್ಮನಿಯ 500 ಮಾರ್ಕ್ ನೋಟಿನ ಹಿಂಬದಿಯಲ್ಲಿದ್ದದ್ದು ಇದೇ. ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಮಾತ್ರ ತೆರೆದಿರುತ್ತದೆ. ಇಲ್ಲಿ ಎಡವಟ್ಟಾಗುವುದು ನ್ಯಾವಿಗೇಶನ್‌ನಲ್ಲಿ. ಮೋಸೆಲ್‌ಕೆರ್ನ್ ಕಡೆಯಿಂದ ಹೋದರೆ ಕಾರು ಕಾಡಿನ ಅಂಚಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮುಕ್ಕಾಲು ಗಂಟೆ ನಡಿಗೆ. ನಡೆಯುವ ಹುಮ್ಮಸ್ಸಿದ್ದರೆ ಸೊಗಸಾದ ದಾರಿ, ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ಕಷ್ಟ. ವೀರ್ಶೆಮ್ ಊರಿನ ವಿಳಾಸ ಹಾಕಿದರೆ ಆಂಟೋನಿಯುಸ್ ಚಾಪೆಲ್ ಪಾರ್ಕಿಂಗ್‌ಗೆ ಮುಟ್ಟುತ್ತೀರಿ. ಅಲ್ಲಿಂದ ಕಡಿದಾದ ಟಾರು ರಸ್ತೆಯಲ್ಲಿ ಸುಮಾರು 800 ಮೀಟರ್, ಇಲ್ಲವೇ ಶಟಲ್ ಬಸ್. ಇಳಿಯುವಾಗ ಹಗುರ, ವಾಪಸು ಏರುವಾಗ ಏದುಸಿರು. ಒಳಗೆ ಗೈಡ್ ಜೊತೆಗೇ ಹೋಗಬೇಕು, ಸುಮಾರು 40 ನಿಮಿಷ, ಫೋಟೋ ತೆಗೆಯುವಂತಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದರೆ ಕ್ಯೂ ಬಾಧಿಸದು. ಹನ್ನೊಂದರ ಮೇಲೆ ಟೂರ್ ಬಸ್‌ಗಳು ಬರುತ್ತವೆ.

ಮಧ್ಯಾಹ್ನಕ್ಕೆ ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್, ಕಾರಲ್ಲಿ ಒಂದು ಗಂಟೆಯ ದಾರಿ. ಮಧ್ಯ ರೈನ್‌ನ ಬೆಟ್ಟದ ಕೋಟೆಗಳಲ್ಲಿ ಹಾಳಾಗದೆ ಉಳಿದದ್ದು ಇದೊಂದೇ. ನೆಲವೆಲ್ಲ ಉಬ್ಬುತಗ್ಗಿನ ಬಂಡೆ, ಶೂ ಗಟ್ಟಿಯಿರಲಿ. ಮಗುವಿನ ತಳ್ಳುಗಾಡಿ ನಡೆಯದು. ಇಂಗ್ಲಿಷ್ ಟೂರ್ ದಿನಕ್ಕೆ ಕೆಲವೇ ಸಲ, ಆ ಹೊತ್ತು ನೋಡಿಕೊಂಡೇ ಎಲ್ಟ್ಸ್ ಬಿಡಬೇಕು. ಮೂರನೆಯ ಕೋಟೆ ಅದೇ ದಿನ ಬೇಡ. ಮೂರನೇ ಗೈಡ್ ಹೇಳುವುದು ಯಾರ ಕಿವಿಗೂ ಇಳಿಯುವುದಿಲ್ಲ.

ಮರುದಿನ ಸಾಂಕ್ಟ್ ಗೋರ್‌ನ ರೈನ್‌ಫೆಲ್ಸ್, ಫ್ರೆಂಚರು ಸಿಡಿಸಿ ಬಿಟ್ಟುಹೋದ ಭಾರೀ ಪಾಳು ಕೋಟೆ. ಅದು ಎಡದಂಡೆಯಲ್ಲಿ, ಮಾರ್ಕ್ಸ್‌ಬುರ್ಗ್ ಬಲದಂಡೆಯಲ್ಲಿ. ಕೊಬ್ಲೆಂಝ್ ದಾಟಿದರೆ ಮೈನ್ಝ್ ಹತ್ತಿರವಾಗುವವರೆಗೆ ರೈನ್‌ಗೆ ಸೇತುವೆಯೇ ಇಲ್ಲ. ಬಲದಂಡೆಯ ಬಿ42 ಹೆದ್ದಾರಿ ಹಿಡಿದು ಬಂದವರು ಸಾಂಕ್ಟ್ ಗೋರ್ಸ್‌ಹೌಸನ್‌ನಲ್ಲಿ ಕಾರನ್ನು ಫೆರಿಗೆ ಹತ್ತಿಸಬೇಕು. ಕಾಸು ದೋಣಿಯ ಮೇಲೇ ಕೊಡುವುದು, ಚಿಲ್ಲರೆ ಇರಲಿ. ನದಿ ಉಕ್ಕಿದರೆ ಫೆರಿ ನಿಲ್ಲುತ್ತದೆ, ಆಗ ಕೊಬ್ಲೆಂಝ್ ಸುತ್ತಿ ಬರುವುದೇ ಗತಿ.

ಕಾರಿನಲ್ಲಿ ನೀಲಿ ಪಾರ್ಕಿಂಗ್ ಡಿಸ್ಕ್ (ಕಾರು ನಿಲ್ಲಿಸಿದ ಹೊತ್ತು ತೋರಿಸುವ ಗಡಿಯಾರದಂಥ ಫಲಕ) ಇದೆಯೇ ಎಂದು ಬಾಡಿಗೆಗೆ ಪಡೆಯುವಾಗಲೇ ನೋಡಿ. ಚಿಕ್ಕ ಊರುಗಳಲ್ಲಿ ಹಲವೆಡೆ ಅದನ್ನು ಗಾಜಿನ ಹಿಂದಿಡಬೇಕು. ಮುಳ್ಳನ್ನು ಬಂದ ಹೊತ್ತಿಗಲ್ಲ, ಮುಂದಿನ ಅರ್ಧ ಗಂಟೆಗೆ ತಿರುಗಿಸುವುದು: 10.10ಕ್ಕೆ ನಿಲ್ಲಿಸಿದರೆ 10.30.